ಒಂದು ಕಿವಿಗೆ ಒಂದು ಡಬ್ಬಿ

ಗಡುವು ಇಟ್ಟುಕೊಂಡು ವ್ಯಾಪಾರಕ್ಕೆ ಇಳಿದವನಲ್ಲ ನಾನು. ನಿಮಗೆ ಅವಸರವಿದೆ ಎಂದು ಎದುರಿನವನಿಗೆ ಗೊತ್ತಾದರೆ ಅಲ್ಲಿಗೇ ಅರ್ಧ ಸೋತ ಹಾಗೆ. ಆದರೆ ಹೋದ ವರ್ಷ ಅಣ್ಣನ ಕಿವಿ ನನಗೊಂದು ಗಡುವು ಹಾಕಿತು. ಎಡಗಿವಿ ಎಂದೋ ಹೋಗಿತ್ತು. ಬಲಗಿವಿಯನ್ನು ನೋಡಿದ ಕಲಬುರಗಿಯ ಡಾಕ್ಟರು, ಇದೂ ನಿಲ್ಲುವುದಿಲ್ಲ, ಎಷ್ಟು ದಿನ ಎಂದು ಹೇಳಲಾರೆ, ಬಹಳ ದಿನವಂತೂ ಅಲ್ಲ ಎಂದಿದ್ದರು. ಅದೇ ವಾರ ಇನ್ನೊಂದು ಸುದ್ದಿ ಬಂತು. ಅಣ್ಣ ಪ್ರಾಯದಲ್ಲಿ ಜೀವ ಬಿಡುತ್ತಿದ್ದ ಜರ್ಮನಿಯ ಹಾಡಿನ ಗುಂಪೊಂದು ಇನ್ನೂ ಹಾಡುತ್ತಿದೆಯಂತೆ. ಅವರ ಕಥೆ ಮುಗಿಯಿತು ಎಂದು ನಾವು ತಿಳಿದುಕೊಂಡ ಮೇಲೂ ಅವರು ಆಲ್ಬಮ್ಮಿನ ಮೇಲೆ ಆಲ್ಬಮ್ ಮಾಡುತ್ತಲೇ ಬಂದಿದ್ದರು. ನಾವು ಕೇಳಿದಷ್ಟೇ ಇನ್ನೂ ಕೇಳುವುದಿತ್ತು. ಕಿವಿ ಮುಚ್ಚುವುದರೊಳಗೆ ಆ ಉಳಿದರ್ಧವನ್ನು ಅಣ್ಣನಿಗೆ ಕೇಳಿಸಬೇಕಿತ್ತು. ನನ್ನ ಕೆಲಸ ಇಷ್ಟೇ. ಇಷ್ಟೇ ಎಂದು ಹೇಳುವುದು ಸುಲಭ.

ಶಹಾಪುರದ ಅಣ್ಣತಮ್ಮಂದಿರಿಗೂ ಜರ್ಮನಿಯ ಗದ್ದಲದ ಹಾಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದಕ್ಕೆ ನಮ್ಮಪ್ಪನಿಂದ ಶುರು ಮಾಡಬೇಕು.

ಅಪ್ಪ ದನದ ಸಂತೆಯಲ್ಲಿ ದಲಾಲಿ. ನಮ್ಮ ಕಡೆ ಎತ್ತಿನ ವ್ಯಾಪಾರವನ್ನು ಬಾಯಲ್ಲಿ ಮಾಡುವುದಿಲ್ಲ, ಟವೆಲ್ಲಿನ ಕೆಳಗೆ ಮಾಡುತ್ತಾರೆ. ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿದು ಮೇಲೆ ಟವೆಲ್ ಹೊದಿಸುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು; ಅಂಗೈ ಒತ್ತಿದರೆ ಹತ್ತು. ಸುತ್ತ ನಿಂತ ಮಂದಿಗೆ ಮುಖ ಮಾತ್ರ ಕಾಣುತ್ತದೆ, ಲೆಕ್ಕ ಕಾಣುವುದಿಲ್ಲ. ಅಪ್ಪ ಇದನ್ನು ನಮ್ಮಿಬ್ಬರಿಗೂ ಕಲಿಸಿದ್ದ. ನನಗೆ ವ್ಯಾಪಾರ ಹತ್ತಿತು, ಅಣ್ಣನಿಗೆ ಹತ್ತಲಿಲ್ಲ. "ಮಂದಿ ಮುಖ ನೋಡಿ ಸುಳ್ಳು ಹೇಳಾದು ನನ್ನ ಕೈಲಿ ಆಗಂಗಿಲ್ಲ, ಮಿಷನ್ ಆದ್ರ ಸುಳ್ಳು ಹೇಳಂಗಿಲ್ಲ" ಎಂದು ಯಾದಗಿರಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಆಗಿ ಸೇರಿದ.

ನಾನು ಶಹಾಪುರದ ಬಸ್‌ಸ್ಟ್ಯಾಂಡಿನ ಬಾಜೂಕೆ ಕ್ಯಾಸೆಟ್ ಅಂಗಡಿ ಇಟ್ಟೆ. ಬಂಡವಾಳ ಎಂದರೆ ಒಂದು ಟೇಪ್‌ರೆಕಾರ್ಡರು, ಒಂದು ಆಂಪ್ಲಿಫೈಯರು, ಸುರಪುರದ ಬಡಿಗನೊಬ್ಬ ಸಾಗವಾನಿ ಹಲಗೆಯಲ್ಲಿ ಮಾಡಿಕೊಟ್ಟ ಎರಡು ದೊಡ್ಡ ಸ್ಪೀಕರ್ ಡಬ್ಬಿ. ಆಗ ಊರೂರಿನ ಭಜನೆ ಮೇಳದವರು, ಮೊಹರಂ ಪದ ಹಾಡುವವರು ಬಂದು ತಮ್ಮ ಹಾಡು ರೆಕಾರ್ಡ್ ಮಾಡಿಸಿಕೊಂಡು ಹೋಗುತ್ತಿದ್ದರು. ಹೊಸ ಖಾಲಿ ಕ್ಯಾಸೆಟ್ ಕೊಂಡರೆ ಉಳಿಯುವುದು ಏನೂ ಇಲ್ಲ. ಹಾಗಾಗಿ ಹೈದರಾಬಾದಿಗೆ ಹೋಗಿ, ಪರದೇಶದಲ್ಲಿ ಮಾರಾಟವಾಗದೆ ಉಳಿದು ಹಡಗು ಹತ್ತಿ ಬಂದ ಕ್ಯಾಸೆಟ್ಟುಗಳನ್ನು ತೂಕದಲ್ಲಿ ತರುತ್ತಿದ್ದೆ. ಮಾರಾಟವಾಗದ ಮಾಲು ಎಂದು ತಿಳಿಯಲು ಪ್ರತಿಯೊಂದರ ಮೂಲೆಗೂ ಗರಗಸದಿಂದ ಕೊಯ್ದ ಗುರುತು ಇರುತ್ತಿತ್ತು. ಕ್ಯಾಸೆಟ್ಟಿನ ಹಿಂಬದಿಯ ಸಣ್ಣ ತೂತಿಗೆ ಕಾಗದ ತುರುಕಿದರೆ ಸಾಕು, ಅದರ ಮೇಲೆ ನಮ್ಮವರ ಹಾಡು ತುಂಬಬಹುದು. ನನ್ನ ಮಾತು ನೆನಪಿಡಿ, ತೂಕದಲ್ಲಿ ಕೊಳ್ಳುವ ಮಾಲಿಗೆ ಹೆಸರು ಓದುತ್ತ ನಿಲ್ಲಬಾರದು. ಓದುವವನನ್ನು ಕಂಡ ಕೂಡಲೆ ಮಾರುವವನು ತೂಕ ಬಿಟ್ಟು ಬಿಡಿ ಲೆಕ್ಕಕ್ಕೆ ಬರುತ್ತಾನೆ.

ಒಂದು ರವಿವಾರ ಮಧ್ಯಾಹ್ನ ಹೊಸ ಮೂಟೆಯ ಕ್ಯಾಸೆಟ್ಟೊಂದನ್ನು, ಅಳಿಸುವ ಮುಂಚೆ ಟೇಪು ಗಟ್ಟಿ ಇದೆಯೋ ಇಲ್ಲವೋ ನೋಡೋಣ ಎಂದು ಹಚ್ಚಿದೆ. ಎದುರಿಗೆ ಭಜನೆ ಮೇಳದ ಹಿರಿಯನೊಬ್ಬ ತಾಳ ಮಡಿಲಲ್ಲಿಟ್ಟುಕೊಂಡು ತನ್ನ ಪಾಳಿಗೆ ಕಾಯುತ್ತ ಕೂತಿದ್ದ. ಡಬ್ಬಿಯಿಂದ ಧಡ್ ಧಡ್ ಎಂದು ತಗಡಿಗೆ ಸುತ್ತಿಗೆ ಹೊಡೆದಂಥ ಸಪ್ಪಳ ಶುರುವಾಯಿತು. ಅದರ ಮೇಲೆ ಕಬ್ಬಿಣ ಕೊರೆದಂತೆ ಗಿಟಾರು, ಅದರ ಮೇಲೆ ಒಬ್ಬ ಗಂಡಸು ಯಾರನ್ನೋ ಬೈಯುತ್ತಿದ್ದ. ನಾನು ಬಂದ್ ಮಾಡಲು ಕೈ ಚಾಚುವಷ್ಟರಲ್ಲಿ, ರಜೆಗೆ ಬಂದಿದ್ದ ಅಣ್ಣ ಒಳಗೆ ಬಂದ.

"ಯಾವ ಮಿಲ್ಲಿಂದೋ ಇದು ಆವಾಜು?"

"ಮಿಲ್ಲಲ್ಲ ಅಣ್ಣಾ, ಹಾಡು."

"ಹಾಡಾ? ಹುಚ್ಚು ಹಿಡದದೇನು ನಿನಗ? ಬೇರಿಂಗ್ ಹೋದ ಮಿಷನ್ ಇದು. ಯಾರೋ ರಿಪೇರಿಗಿ ತೋರ್ಸಾಕ ರೆಕಾರ್ಡ್ ಮಾಡ್ಯಾರ."

ಹೇಳಿದವನೇ ಜೇಬಿನಿಂದ ತನ್ನ ಉದ್ದ ಸ್ಕ್ರೂಡ್ರೈವರ್ ತೆಗೆದ. ಫಿಟ್ಟರುಗಳ ಪದ್ಧತಿ ಅದು. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮಿಷನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿದರೆ ಒಳಗೆ ಯಾವ ಬೇರಿಂಗ್ ಕೆಟ್ಟಿದೆ ಎಂದು ತಿಳಿಯುತ್ತದೆ. ಅಣ್ಣ ತುದಿಯನ್ನು ನನ್ನ ಸ್ಪೀಕರ್ ಡಬ್ಬಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದೆ ಇಟ್ಟು, ಕಣ್ಣು ಮುಚ್ಚಿ ನಿಂತುಬಿಟ್ಟ.

ಭಜನೆಯ ಹಿರಿಯ ಸ್ವಲ್ಪ ಹೊತ್ತು ನೋಡಿದ. "ಏನ್ರೀ ಸಾವ್ಕಾರ್ರ, ನಿಮ್ಮ ಅಣ್ಣ ಡಬ್ಬಿಗಿ ಡಾಕ್ಟರ್ ಆಗ್ಯಾನೇನು? ನಾಡಿ ನೋಡಾಕತ್ತಾನ."

"ಸುಮ್ ಕೂಡ್ರಿ ಕಾಕಾ" ಎಂದ ಅಣ್ಣ, ಕಣ್ಣು ತೆಗೆಯದೆ. ಹಾಡು ಒಂದು ಮುಗಿದು ಇನ್ನೊಂದು ಬಂತು. ಆಮೇಲೆ ಸ್ಕ್ರೂಡ್ರೈವರ್ ಇಳಿಸಿ ನನ್ನ ಕಡೆ ತಿರುಗಿದ. "ಬೇರಿಂಗ್ ಹೋಗಿಲ್ಲೋ. ಬರೋಬ್ಬರಿ ಓಡಾಕತ್ತದ. ಬೇಕಂತಲೇ ಹಂಗ ಹೊಡ್ಯಾಕತ್ತಾರ!"

ಆ ಕ್ಯಾಸೆಟ್ಟನ್ನು ಅಳಿಸಬೇಡ ಎಂದು ಕಸಿದುಕೊಂಡು ಹೋದ. ಹಿರಿಯನ ಭಜನೆಗೆ ಬೇರೆ ಕ್ಯಾಸೆಟ್ ಹುಡುಕಿದೆ.

ಅದರಲ್ಲಿ ಏನು ಕಂಡಿ ಎಂದು ಎಷ್ಟೋ ದಿನದ ಮೇಲೆ ಕೇಳಿದ್ದಕ್ಕೆ ಅವನು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ದಿನಾ ಮಿಷನ್ ನನ್ನ ಮ್ಯಾಲ ಸವಾರಿ ಮಾಡ್ತದ ತಮ್ಮಾ. ಈ ಮಂದಿ ನೋಡು, ಮಿಷನ್ ಮ್ಯಾಲ ಕುಂತು ಸವಾರಿ ಮಾಡಾಕತ್ತಾರ."

ಅಂದಿನಿಂದ ನಾನು ತೂಕದ ಮಾಲಿನಲ್ಲಿ ಆ ಗುಂಪಿನದನ್ನು ಹುಡುಕತೊಡಗಿದೆ, ಹುಡುಕುತ್ತಿದ್ದೇನೆ ಎಂದು ಯಾರಿಗೂ ತೋರಿಸದೆ. ಕಷ್ಟವಿರಲಿಲ್ಲ. ಅವರ ಹೆಚ್ಚಿನ ಆಲ್ಬಮ್ಮುಗಳ ಹೆಸರು ಮೋಟು ಹೆಸರು, ಚಿತ್ರವಂತೂ ಎಲ್ಲಕ್ಕೂ ಒಂದೇ ಕೈಯಿನದು. ದಪ್ಪ ಕಪ್ಪು ಗೆರೆ, ಕೆಂಪು ಬಣ್ಣ, ಸಿಟ್ಟಿನ ಮುಖ. ಮೂಟೆಯಲ್ಲಿ ಕೈ ಹಾಕಿದರೆ ಕಣ್ಣಿಗೆ ತಾನೇ ಬೀಳುತ್ತಿತ್ತು. ಹಾಡು ನನಗೆ ಆಗ ಹಿಡಿಸಿರಲಿಲ್ಲ, ಆದರೆ ವ್ಯಾಪಾರದ ಕಣ್ಣಿನಿಂದ ಆ ಮಂದಿಯನ್ನು ಮೆಚ್ಚಿದ್ದೆ. ಒಳಗಿನ ಕಾಗದದ ಫೋಟೋ ನೋಡಿದರೆ ಪ್ರತಿ ಸಲವೂ ಬೇರೆ ಬೇರೆ ಮುಖ. ಒಬ್ಬ ಹೋದ, ಇನ್ನೊಬ್ಬ ಬಂದ, ಹೋದವನೂ ಮತ್ತೆ ಬಂದ. ಒಬ್ಬನೇ ಒಬ್ಬ ಮಾತ್ರ ಎಲ್ಲದರಲ್ಲೂ ಇದ್ದ. ಪಾಲುದಾರರು ಬದಲಾದರೂ ಅಂಗಡಿಯ ಬೋರ್ಡು ಬದಲಾಗಿರಲಿಲ್ಲ. ಅಂಗಡಿ ಇಡುವ ಯಾರಿಗಾದರೂ ನಾನು ಇದನ್ನೇ ಹೇಳುತ್ತೇನೆ. ಒಳಗೆ ಏನು ಬೇಕಾದರೂ ಬದಲಿಸಿ, ಬೋರ್ಡಿನ ಬಣ್ಣಕ್ಕೆ ಕೈ ಹಚ್ಚಬೇಡಿ.

ಆ ಇಂಗ್ಲಿಷು, ಜರ್ಮನ್ ಹೆಸರುಗಳು ನಮ್ಮ ನಾಲಿಗೆಗೆ ಹತ್ತಲಿಲ್ಲ. ಹೀಗಾಗಿ ನಂಬರು ಕೊಟ್ಟೆವು. ಮೊದಲು ಸಿಕ್ಕಿದ್ದು ಒಂದು, ಆಮೇಲಿನದು ಎರಡು. ಹೊಸದು ಸಿಕ್ಕಿದಾಗ ನಾನು ಬಸ್ಸಿನಲ್ಲಿ ಯಾದಗಿರಿಗೆ ಹೋಗಿ ಮಿಲ್ಲಿನೊಳಗೆ ಹೊಕ್ಕರೆ ಅಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಜಿನ್ನಿಂಗ್ ಮಿಷನ್ನುಗಳ ಸಾಲಿನ ನಡುವೆ, ಹತ್ತಿಯ ಧೂಳು ಮೀಸೆಗೆ ಹತ್ತಿಸಿಕೊಂಡು ನಿಂತ ಅಣ್ಣ ನನ್ನನ್ನು ಕಂಡ ಕೂಡಲೆ ಕೈ ಮುಂದೆ ಮಾಡುತ್ತಿದ್ದ. ನಾನು ಹೆಗಲ ಮೇಲಿನ ಟವೆಲ್ ಹೊದಿಸಿ ಬೆರಳು ಹಿಡಿಯುತ್ತಿದ್ದೆ. ನಾಲ್ಕು ಬಂತು. ಐದು ಬಂತು. ಟವೆಲ್ ಯಾಕೆ ಬೇಕಿತ್ತೋ ಗೊತ್ತಿಲ್ಲ, ಅಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಅಪ್ಪನಿಂದ ಬಂದ ರೂಢಿ. ಬರೀ ಕೈಯಲ್ಲಿ ಹೇಳಿದರೆ ಹೇಳಿದ ಹಾಗೆ ಅನ್ನಿಸುತ್ತಿರಲಿಲ್ಲ.

ಹೊರಗೆ ಚಹಾದ ಹೊತ್ತಿಗೆ ಹಮಾಲರು ಬಿಡುತ್ತಿರಲಿಲ್ಲ. "ಏನಪಾ, ಅಣ್ಣ ತಮ್ಮ ಯಾವ ಎತ್ತಿನ ಸೌದಾ ನಡಸೀರಿ? ದಿನಾ ಕೈ ಹಿಡೀತೀರಿ, ಎತ್ತಂತೂ ಕಾಣವಲ್ದು!"

"ಜರ್ಮನಿ ಎತ್ತು" ಎನ್ನುತ್ತಿದ್ದ ಅಣ್ಣ. "ಹಡಗದಾಗ ಬರಬೇಕಲ್ಲ, ತಡ ಆಗ್ತದ."

ಕೇಳುತ್ತ ಕೇಳುತ್ತ ನನಗೂ ರುಚಿ ಹತ್ತಿತು, ಸುಳ್ಳು ಯಾಕೆ ಹೇಳಲಿ. ಒಂದರಲ್ಲಿ ಬರೀ ಸುತ್ತಿಗೆಯ ಪೆಟ್ಟು. ಎರಡರಲ್ಲಿ ಹೆಣ್ಣುದನಿ ಬಂತು, ಆ ಗಂಡಸಿನ ಬೈಗುಳಕ್ಕೆ ಜವಾಬು ಕೊಡುವಂತೆ. ನಾಲ್ಕು ನಿಧಾನ, ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸಿನ ಹಾಗೆ, ಒಮ್ಮೆ ಇಳಿದರೆ ಏಳುವುದೇ ಇಲ್ಲ. ಆರು ಅಣ್ಣನಿಗೆ ಸೇರಲಿಲ್ಲ. "ಎಣ್ಣಿ ಜಾಸ್ತಿ ಬಿಟ್ಟಾರ, ಸಪ್ಪಳ ಜಾರಾಕತ್ತದ" ಎಂದ. ರವಿವಾರ ಅಂಗಡಿಯ ಅರ್ಧ ಬಾಗಿಲು ಎಳೆದು ಇಬ್ಬರೂ ಮಂಡಕ್ಕಿ ತಿನ್ನುತ್ತ ಕೇಳುತ್ತಿದ್ದೆವು. ಮಂಡಕ್ಕಿಯ ತಟ್ಟೆ ಡಬ್ಬಿಯ ಮೇಲಿಟ್ಟರೆ ತಾನೇ ನಡೆದು ಅಂಚಿಗೆ ಬರುತ್ತಿತ್ತು. ಅಣ್ಣ ಅದನ್ನು ಬೀಳುವ ಮೊದಲು ಹಿಡಿಯುವುದನ್ನೇ ಆಟ ಮಾಡಿಕೊಂಡಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಹತ್ತಿರದ ಊರಿನ ಬಸ್ಸಿಗೆ ಕಂಡಕ್ಟರ್ ಗೋಗಿ ಗೋಗಿ ಎಂದು ಕೂಗುವುದೂ, ಒಳಗೆ ಆ ಜರ್ಮನಿಯವ ಕೂಗುವುದೂ ಕೂಡಿ ಹೋಗುತ್ತಿತ್ತು. ಅಷ್ಟು ಹಗುರವಾದ ಮಧ್ಯಾಹ್ನಗಳು ಆಮೇಲೆ ನನಗೆ ಬಹಳ ಸಿಗಲಿಲ್ಲ.

ಒಂದು ಸಲ ಹೈದರಾಬಾದಿನ ವ್ಯಾಪಾರಿ ತಾನೇ ಒಂದು ಕ್ಯಾಸೆಟ್ ಎತ್ತಿ ನನ್ನ ಕೈಗಿಟ್ಟು, "ವೋ ಲೋಗಾಂ ಖತಂ ಹೋ ಗಯೇ ಭಾಯಿ" ಎಂದ. ಅವರು ಗುಂಪು ಒಡೆದುಕೊಂಡರಂತೆ, ಇದೇ ಕೊನೆಯದಂತೆ. ಅಣ್ಣನಿಗೆ ಟವೆಲ್ಲಿನಲ್ಲಿ ಆ ನಂಬರು ಹಿಡಿದು, ಆಮೇಲೆ ಕೈ ಬಿಟ್ಟು ಖಾಲಿ ಕೈ ತೋರಿಸಿದೆ. ಅವನಿಗೆ ತಿಳಿಯಿತು. ಮಿಷನ್ನಿನ ಕಡೆ ತಿರುಗಿದ.

ಆಮೇಲೆ ಕ್ಯಾಸೆಟ್ಟಿನ ಕಾಲವೂ ಮುಗಿಯಿತು. ಅಂಗಡಿಯನ್ನು ನಾನು ಹಳೆಯ ಪಂಪ್‌ಸೆಟ್ಟು, ಮೋಟಾರು ಕೊಂಡು ಮಾರುವ ಅಂಗಡಿ ಮಾಡಿದೆ. ಸಾಗವಾನಿ ಡಬ್ಬಿಗಳನ್ನು ಗೋಗಿಯ ಶಾಮಿಯಾನ, ಮೈಕ್‌ಸೆಟ್ಟಿನವನಿಗೆ ಕೊಟ್ಟೆ. ಅಣ್ಣ ಮಿಲ್ಲು ಬಿಟ್ಟು ಸುರಪುರದಲ್ಲಿ ಮನೆ ಕಟ್ಟಿಕೊಂಡ. ಕ್ಯಾಸೆಟ್ಟುಗಳು ಒಂದು ತಗಡಿನ ಪೆಟ್ಟಿಗೆಯಲ್ಲಿ ಅವನ ಜೊತೆ ಹೋದವು. ಮಿಲ್ಲಿನ ಅಷ್ಟು ವರ್ಷಗಳ ಗದ್ದಲ ಅವನ ಕಿವಿಯಲ್ಲಿ ಹೋಯಿತು.

ಈಗ ಹೋದ ವರ್ಷಕ್ಕೆ ಬರುತ್ತೇನೆ. ಅಣ್ಣನ ಮಗಳು ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಆಫೀಸು ಕೆಲಸದಲ್ಲಿದ್ದಾಳೆ, ರಜೆ ಇದ್ದಾಗ ಸುರಪುರಕ್ಕೆ ಬರುತ್ತಾಳೆ. ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಮನೆಯಲ್ಲಿ ಎಲ್ಲರ ಮುಖವೂ ಸಣ್ಣದಾಗಿತ್ತು. ಅಪ್ಪನಿಗೆ ಖುಷಿಯಾಗಲಿ ಎಂದು ಅವಳು ಪೆಟ್ಟಿಗೆಯಿಂದ ಒಂದು ಬೂಷ್ಟು ಹಿಡಿದ ಕ್ಯಾಸೆಟ್ ತೆಗೆದು, ಮೇಲಿನ ಹೆಸರನ್ನು ಫೋನಿನಲ್ಲಿ ಹುಡುಕಿದಳು. ಹುಡುಕಿದವಳು ಎದ್ದು ನಿಂತಳು.

"ಕಾಕಾ, ಇವ್ರು ಸತ್ತಿಲ್ಲೋ ಮಾರಾಯಾ. ಬಂದ್ ಮಾಡಿ ಮತ್ತ ಚಾಲೂ ಮಾಡ್ಯಾರ. ಈಗೂ ಹೊಸಾದು ಬಂದದ. ನೋಡಿಲ್ಲಿ, ಎಷ್ಟುದ್ದ ಅದ ಇದು!"

ಅವಳ ಬೆರಳು ಫೋನಿನ ಮೇಲೆ ಸರಿಸುತ್ತ ಹೋದಂತೆ ಕೆಂಪು ಕಪ್ಪು ಚಿತ್ರಗಳು ಒಂದರ ಕೆಳಗೆ ಒಂದು ಬರುತ್ತಲೇ ಇದ್ದವು. ಅದೇ ಗೆರೆ, ಅದೇ ಸಿಟ್ಟಿನ ಮುಖ. ಬೋರ್ಡು ಬದಲಾಗಿರಲಿಲ್ಲ. ಅಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದ.

"ಇನ್ನಾ ಬದಕ್ಯಾರಾ?" ಎಂದ, ಬೀದಿಗೆ ಕೇಳುವಷ್ಟು ಜೋರಾಗಿ. ಕಿವಿ ಹೋದವರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲ.

"ಬದಕ್ಯಾರಪ್ಪಾ! ಮತ್ತ ನೀವು ಒಂದು ಅಂತೀರಲ್ಲ, ಅದು ಒಂದಲ್ಲ. ಅದರಕಿಂತ ಮೊದಲಿನವೂ ಅವ. ನಿಮ್ಮ ನಂಬರೆಲ್ಲಾ ಹಿಂದ ಮುಂದ ಆಗ್ಯಾವ."

ಅಣ್ಣನಿಗೆ ಅದು ಎರಡನೆಯ ಸಲ ಹೇಳಿದಾಗ ತಿಳಿಯಿತು. "ಜರ್ಮನಿದಾಗ ಹಂಗಿರಬೇಕು. ಶಹಾಪುರದಾಗ ಅದೇ ಒಂದು" ಎಂದ. ಆ ವಿಷಯದಲ್ಲಿ ಮತ್ತೆ ಮಾತಿಗೆ ಜಾಗ ಕೊಡಲಿಲ್ಲ.

ಅವಳು ಫೋನಿನಲ್ಲೇ ಹಚ್ಚಿ ಕಿವಿಗೆ ಹಿಡಿದಳು. ಅವನು ಮುಖ ಕಿವುಚಿದ. "ತಗಡಿನ ಮ್ಯಾಲ ಇಲಿ ಓಡಿದಂಗ ಆಗ್ತದ." ಡಾಕ್ಟರೂ ಅದನ್ನೇ ಹೇಳಿದ್ದರು. ತೆಳುವಾದ ಸದ್ದು ಅವನಿಗೆ ಹೋಗಿಬಿಟ್ಟಿದೆ, ದಪ್ಪ ಸದ್ದು ಇನ್ನೂ ಸ್ವಲ್ಪ ಉಳಿದಿದೆ. ಹೊಸ ಡಬ್ಬಿ ತಂದುಕೊಡುತ್ತೇನೆ ಎಂದೆ. ಬೇಡ ಎಂದು ತಲೆ ಆಡಿಸಿದ.

"ನಮ್ಮ ಡಬ್ಬಿ ಆದ್ರ ನನಗ ಗೊತ್ತದ. ಅದರಾಗ ಯಾವ ಆವಾಜು ಎಲ್ಲಿ ಕುಂಡ್ರತದ ಅಂತ ಗೊತ್ತದ. ಕೇಳಸ್ಲಿಲ್ಲಂದ್ರೂ ಹುಡುಕಿ ತಗೀತೀನಿ. ಹೊಸಾದರಾಗ ಎಲ್ಲಿ ಅಂತ ಹುಡುಕಲಿ?"

ಗೋಗಿಗೆ ಹೋಗಲೇಬೇಕಾಯಿತು. ಮರುದಿನವೇ ಶಹಾಪುರದಿಂದ ಶೇರ್ ಆಟೋ ಹಿಡಿದೆವು. ನಾನು ಅಣ್ಣನಿಗೆ ಚಹಾದಂಗಡಿಯ ಬೆಂಚು ತೋರಿಸಿ, ಕೈಸನ್ನೆ ಮಾಡಿ ಹೇಳಿದೆ, ಇಲ್ಲೇ ಕೂತಿರು, ಒಳಗೆ ಬರಬೇಡ. ಹಳೆಯ ಸಾಮಾನು ಕೊಳ್ಳಲು ಹೋಗುವಾಗ ಅದು ಬೇಕಾದವನನ್ನು ಜೊತೆಗೆ ಕರೆದೊಯ್ಯಬಾರದು. ಅವನ ಕಣ್ಣು ಎಲ್ಲವನ್ನೂ ಹೇಳಿಬಿಡುತ್ತದೆ.

ಮೈಕ್‌ಸೆಟ್ಟಿನವನ ಅಂಗಳದಲ್ಲಿ ಹೊಸ ಡಿಜೆ ಡಬ್ಬಿಗಳು ಗೋಡೆಯಂತೆ ಪೇರಿಸಿದ್ದವು. ನಮ್ಮವು ಬೇವಿನ ಗಿಡದ ಕೆಳಗೆ ಇದ್ದವು. ಒಂದರ ಮೇಲೆ ಅವನ ಮುದುಕಿ ತಾಯಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಇನ್ನೊಂದರ ಸ್ಪೀಕರ್ ಸುಟ್ಟು ಎಂದೋ ಕಿತ್ತು ಹಾಕಿದ್ದರು. ಆ ದುಂಡನೆಯ ಖಾಲಿ ಬಾಯೊಳಗೆ ಒಂದು ಕೋಳಿ ಕಾವಿಗೆ ಕೂತು ನನ್ನನ್ನೇ ನೋಡುತ್ತಿತ್ತು.

ನಾನು ಡಬ್ಬಿಯ ಕಡೆ ನೋಡದೆ ಮಳೆ, ತೊಗರಿ, ಮದುವೆ ಸೀಜನ್ನು ಎಲ್ಲ ಮಾತಾಡಿದೆ. ಆಮೇಲೆ ಏಳುವವನಂತೆ ಮಾಡಿ, "ಈ ಹಲಗಿ ಯಾಕ ಮಳಿಗಿ ಬಿಟ್ಟೀರಿ? ಕಟಿಗಿ ಲೆಕ್ಕದಾಗ ಕೊಡಾದಿದ್ರ ಒಯ್ತೀನಿ" ಎಂದೆ.

ಅವನು ನಕ್ಕ. "ಸಾವ್ಕಾರ್ರ, ನೀವು ಶಹಾಪುರದಿಂದ ಕಟಿಗಿ ಒಯ್ಯಾಕ ಬಂದೀರಿ ಅಂದ್ರ ನಮ್ಮ ಕೋಳಿನೂ ನಂಬಂಗಿಲ್ಲ. ಟವೆಲ್ ತಗೀರಿ."

ಟವೆಲ್ ಹೊದಿಸಿ ಕೈ ಹಿಡಿದೆವು. ಅವನ ಹಿಡಿತ ಗಟ್ಟಿ. ನಾನು ಜೋಡಿಯ ಮಾತು ತೆಗೆದೆ. "ಒಂದು ಕೆಟ್ಟದ, ಅದರಾಗ ಕೋಳಿ ಕುಂತದ. ಜೋಡಿ ಒಡದ ಮ್ಯಾಲ ಒಂಟಿ ಎತ್ತಿಗಿ ಏನ್ ಕಿಮ್ಮತ್ತರಿ?" ಮುದುಕಿ ಮೊರ ಕೆಳಗಿಟ್ಟಳು. "ಕಾವಿಗಿ ಕುಂತ ಕೋಳಿ ಎಬ್ಬಸಾಕ ನಾ ಬಿಡಂಗಿಲ್ಲ ನೋಡ್ರಿ, ಹೇಳಿರ್ತೀನಿ. ಮರಿ ಆದ ಮ್ಯಾಲ ಬರ್ರಿ." ನನಗೆ ಒಳಗೇ ಖುಷಿ. ಜೋಡಿ ಸಿಗುವುದಿಲ್ಲ ಎಂದರೆ ಒಂಟಿಯ ಬೆಲೆ ಇಳಿಯಲೇಬೇಕು. ಅವನ ಬೆರಳು ನಿಧಾನಕ್ಕೆ ಸಡಿಲಾಗುತ್ತಿತ್ತು. ಇನ್ನು ಸ್ವಲ್ಪ ಸುಮ್ಮನಿದ್ದರೆ ಸೌದಾ ನನ್ನದು.

ಅಷ್ಟರಲ್ಲಿ ಅಣ್ಣ ಬಂದೇ ಬಿಟ್ಟ. ನೇರ ಬೇವಿನ ಗಿಡದ ಕಡೆ ನಡೆದು, ಮುದುಕಿ ಕೂತ ಡಬ್ಬಿಯ ಮುಂದೆ ಮಂಡಿಯೂರಿ, ಬೆರಳ ಗೆಣ್ಣಿನಿಂದ ಹಲಗೆ ತಟ್ಟಿ, ಕೆನ್ನೆ ಅದಕ್ಕೆ ಹಚ್ಚಿದ. ಮುಖ ಅರಳಿಹೋಯಿತು.

"ತಮ್ಮಾ! ಇದೇ! ಬಿಟ್ಟು ಬರಬ್ಯಾಡ ಇದನ್ನ! ಏನ್ ಕೇಳ್ತಾರ ಕೊಟ್ಟುಬಿಡು!"

ಗೋಗಿಯ ಅರ್ಧ ಊರಿಗೆ ಕೇಳಿಸಿರಬೇಕು. ಟವೆಲ್ಲಿನ ಒಳಗೆ ಮೈಕ್‌ಸೆಟ್ಟಿನವನ ಬೆರಳು ಮತ್ತೆ ಬಿಗಿಯಾಯಿತು. ನನ್ನ ವ್ಯಾಪಾರದ ಬದುಕಿನಲ್ಲಿ ಇಷ್ಟು ಚಂದ ಕಟ್ಟಿದ ಸೌದಾ ಇಷ್ಟು ಚಂದ ಕೆಟ್ಟದ್ದಿಲ್ಲ. ನಾನು ಅಣ್ಣನ ಕಿವಿಯ ಹತ್ತಿರ ಬಾಗಿ, ಇನ್ನೊಂದು ಡಬ್ಬಿ ಕೆಟ್ಟಿದೆ, ಜೋಡಿ ಇಲ್ಲ, ಒಂದೇ ತೆಗೆದುಕೊಂಡು ಏನು ಮಾಡುತ್ತೀ ಎಂದು ಕೂಗಿದೆ, ಸೌದಾ ಇನ್ನೂ ಉಳಿಸಿಕೊಳ್ಳಬಹುದು ಎಂಬ ಆಸೆಯಿಂದ.

"ನನಗರ ಎಷ್ಟು ಕಿವಿ ಅವ?" ಎಂದ ಅಣ್ಣ. "ಒಂದು ಕಿವಿಗಿ ಒಂದು ಡಬ್ಬಿ ಸಾಕಲ್ಲೋ."

ಮುದುಕಿ ನಕ್ಕಳು. ನಕ್ಕವಳು ಅವನ ಮುಖ ನೋಡಿ ನಿಲ್ಲಿಸಿದಳು. "ಕಿವಿಗಿ ಏನಾಗ್ಯಾದಪ್ಪಾ?" ಅವನಿಗೆ ಕೇಳಿಸಲಿಲ್ಲ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ಡಾಕ್ಟರ ಮಾತು, ಉಳಿದ ಹಾಡು, ಎಲ್ಲ. ಅವಳು ಎದ್ದು ಡಬ್ಬಿಯ ಮೇಲಿನ ಬೇಳೆಯ ಧೂಳನ್ನು ಸೆರಗಿನಿಂದ ಒರೆಸಿದಳು. "ಕೊಟ್ಟು ಕಳಸು" ಎಂದಳು ಮಗನಿಗೆ.

"ಅಮ್ಮೀ, ಸೌದಾ ನಡುವ ಬರಬ್ಯಾಡ" ಎಂದ ಅವನು. ಆದರೆ ಕೈ ಸಡಿಲಿಸಿದ್ದ. ನನಗೂ ಪುಕ್ಕಟೆ ಬೇಡವಾಗಿತ್ತು. ಪುಕ್ಕಟೆ ತಂದ ಸಾಮಾನು ಮನೆಯಲ್ಲಿ ಕೊಟ್ಟವನ ಋಣ ಹೇಳುತ್ತಲೇ ಇರುತ್ತದೆ, ಯಾರಿಗೂ ಬೇಡ ಅದು. ಅವನು ಸ್ವಲ್ಪ ಯೋಚಿಸಿ, "ಯಾದಗಿರ್ದಾಗ ಒಂದು ಜನರೇಟರ್ ನೋಡೀನ್ರಿ. ಅದರ ಮಾಲಕ ಏನ್ ಮಾಡಿದ್ರೂ ಬಗ್ಗವಲ್ಲ. ನೀವು ಬಂದು ನನ್ನ ಬದ್ಲಿ ಟವೆಲ್‌ದಾಗ ಕೈ ಇಡ್ರಿ. ಇದನ್ನ ಒಯ್ರಿ" ಎಂದ. ಒಪ್ಪಿದೆ. ಡಬ್ಬಿಯನ್ನು ಆಟೋದ ಹಿಂದೆ ಹಗ್ಗದಿಂದ ಕಟ್ಟಿದೆವು. ಸುರಪುರದವರೆಗೂ ಅಣ್ಣ ಹಿಂದೆ ತಿರುಗಿ ಅದರ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದ.

ಬೆಳಗಿನ ಹೊತ್ತು ಅವನ ಕಿವಿ ಸ್ವಲ್ಪ ತೆರೆದಿರುತ್ತಿತ್ತು. ಹಾಗಾಗಿ ದಿನಕ್ಕೊಂದು ಆಲ್ಬಮ್, ಬೆಳಗಿನ ಚಹಾ ಆದ ಮೇಲೆ. ಮಗಳು ಎಲ್ಲವನ್ನೂ ಪೆನ್‌ಡ್ರೈವಿಗೆ ತುಂಬಿ, ತಾನೇ ತಂದ ಆಂಪ್ಲಿಫೈಯರಿಗೆ ಹೇಗೆ ಹಚ್ಚುವುದು ಎಂದು ನನಗೆ ಕಲಿಸಿ ಕೆಲಸಕ್ಕೆ ಹೋದಳು. ನಾನು ಅಂಗಡಿಗೆ ತಡವಾಗಿ ಹೋಗತೊಡಗಿದೆ. ಶಹಾಪುರದಿಂದ ಮೊದಲ ಬಸ್ಸಿಗೆ ಬಂದು, ಟವೆಲ್ಲಿನ ಕೆಳಗೆ ಇವತ್ತಿನ ನಂಬರು ಹಿಡಿದು, ಹಾಡು ಹಚ್ಚುತ್ತಿದ್ದೆ. ನಂಬರು ನಮ್ಮ ಹಳೆಯ ಲೆಕ್ಕದಿಂದಲೇ ಮುಂದುವರಿಯಿತು.

ಮೂರನೆಯ ದಿನವೇ ಅಡಿಗೆಮನೆಯಿಂದ ಅಣ್ಣನ ಹೆಂಡತಿ, ನಮ್ಮ ವೈನಿ, ಸೌಟು ಹಿಡಿದುಕೊಂಡೇ ಬಂದಳು. "ಬಾಜೂ ಮನಿಯವ್ರು ಕೇಳಾಕತ್ತಾರ, ನಿಮ್ಮ ಹಿತ್ತಲದಾಗ ಬೋರ್ ಹಾಕಸಾಕತ್ತೀರೇನು, ನೀರು ಬಿದ್ರ ನಮಗೂ ಒಂದು ಪೈಪ್ ಕೊಡ್ರಿ ಅಂತ!"

"ಏನಂದ್ಳು?" ಎಂದು ಅಣ್ಣ ನನ್ನನ್ನು ಕೇಳಿದ. ಚಲೋ ಅದ ಅಂದಳು ಎಂದು ಸನ್ನೆ ಮಾಡಿದೆ.

ಹೊಸ ಆಲ್ಬಮ್ಮುಗಳಲ್ಲಿ ಆ ಒಬ್ಬನ ದನಿ ದಪ್ಪಗಾಗಿತ್ತು, ಹೆಣ್ಣುದನಿ ಬೇರೆಯಾಗಿತ್ತು, ಸುತ್ತಿಗೆ ಮಾತ್ರ ಅದೇ. "ಮುದುಕ ಆಗ್ಯಾನ" ಎಂದ ಅಣ್ಣ ಒಂದು ದಿನ. "ಆದ್ರ ಪೆಟ್ಟು ತಪ್ಪಿಲ್ಲ ನೋಡು. ನನಗಿಂತ ಹಿರ್ಯಾನೋ ಕಿರ್ಯಾನೋ?" ಗೊತ್ತಿಲ್ಲ ಎಂದೆ. "ಅವನ ಕಿವಿ ಹ್ಯಾಂಗ ಅವೋ ಏನೋ. ಅವನೂ ಇಷ್ಟೇ ವರ್ಷ ಮಿಷನ್ ಬಾಜೂಕ ನಿಂತಾನ" ಎಂದ.

ಆಲ್ಬಮ್ ಒಂದೊಂದೇ ಕಡಿಮೆಯಾಗುತ್ತ ಬಂದವು. ಕಿವಿಯೂ. ಆಂಪ್ಲಿಫೈಯರಿನ ತಿರುಗಣಿಯನ್ನು ದಿನಾ ಒಂದು ಕೂದಲೆಳೆಯಷ್ಟು ಹೆಚ್ಚು ತಿರುಗಿಸುತ್ತಿದ್ದೆ, ಅವನಿಗೆ ಕಾಣದಂತೆ. ಅವನಿಗೂ ಗೊತ್ತಿತ್ತು, ನನಗೆ ಕಾಣದಂತೆ ಕುರ್ಚಿಯನ್ನು ಡಬ್ಬಿಯ ಹತ್ತಿರ ಸರಿಸುತ್ತಿದ್ದ. ದಿನಕ್ಕೊಂದು ಬೇಡ, ದಿನಕ್ಕೆರಡು ಹಚ್ಚೋಣ ಎಂದು ನಾನು ಅನ್ನುವ ಹಾಗಿದ್ದೆ. ಆದರೆ ಅವಸರ ಮಾಡಿದರೆ ಯಾಕೆ ಎಂದು ಕೇಳುತ್ತಾನೆ. ಗಡುವು ಎದುರಿನವನಿಗೆ ತೋರಿಸಬಾರದು ಎಂದು ಮೊದಲೇ ಹೇಳಿದೆನಲ್ಲ. ಈ ಸಲ ಎದುರಿಗಿದ್ದವನು ಅಣ್ಣ.

ಮಗಳು ಬಂದಿದ್ದ ಒಂದು ರವಿವಾರ. ಉಳಿದದ್ದು ಕೊನೆಯದೊಂದೇ, ಎಲ್ಲಕ್ಕಿಂತ ಹೊಸದು. ನಾನು ನಂಬರು ಹಿಡಿದೆ, ಅವಳು ಹಚ್ಚಿದಳು. ಡಬ್ಬಿಯ ಮುಂದಿನ ಬಟ್ಟೆ ಸುತ್ತಿಗೆಯ ಪೆಟ್ಟಿಗೆ ನಡುಗುತ್ತಿತ್ತು. ಕಿಟಕಿಯ ಗಾಜೂ ನಡುಗುತ್ತಿತ್ತು. ಅಣ್ಣ ನಮ್ಮಿಬ್ಬರ ಮುಖ ನೋಡಿದ.

"ಹಚ್ಚವಲ್ಲಿ ಯಾಕವ್ವಾ?" ಎಂದ.

ಅಡಿಗೆಮನೆಯ ಬಾಗಿಲಲ್ಲಿ ವೈನಿ ಬಂದು ನಿಂತಳು. ಹುಡುಗಿಯ ಕಣ್ಣು ತುಂಬಿತು, ತಿರುಗಣಿಯನ್ನು ಇನ್ನೂ ತಿರುಗಿಸಲು ಹೋದಳು. ಡಬ್ಬಿ ಹರಿಯುತ್ತದೆ ಎಂದು ಅವಳ ಕೈ ಹಿಡಿದೆ. ನಡುಗುವ ಗಾಜನ್ನು ಅಣ್ಣ ನೋಡಿದ. ಅವನಿಗೆ ತಿಳಿಯಿತು.

ಎದ್ದು ಒಳಗೆ ಹೋದ. ಬಂದಾಗ ಕೈಯಲ್ಲಿ ಆ ಉದ್ದ ಸ್ಕ್ರೂಡ್ರೈವರ್ ಇತ್ತು. ಹಿಡಿಯ ಬಣ್ಣ ಹೋಗಿ, ಅವನ ಅಂಗೈಯ ಆಕಾರ ಬಂದಿತ್ತು ಅದಕ್ಕೆ. ಕುರ್ಚಿ ಬಿಟ್ಟು ನೆಲಕ್ಕೆ ಕೂತು, ತುದಿಯನ್ನು ಸಾಗವಾನಿ ಹಲಗೆಗೆ ಒತ್ತಿ, ಹಿಡಿಯನ್ನು ಬಲಗಿವಿಯ ಹಿಂದೆ ಇಟ್ಟು ಕಣ್ಣು ಮುಚ್ಚಿದ. ನಾವು ಮೂವರೂ ಅವನನ್ನೇ ನೋಡಿದೆವು. ಸ್ವಲ್ಪ ಹೊತ್ತಾದ ಮೇಲೆ ಅವನ ಕಾಲಿನ ಹೆಬ್ಬೆರಳು ಆಡತೊಡಗಿತು. ಪೆಟ್ಟಿಗೆ ಸರಿಯಾಗಿ.

ಹಾಗೇ ಕಣ್ಣು ಮುಚ್ಚಿಕೊಂಡು ಎಡಗೈ ನನ್ನ ಕಡೆ ಚಾಚಿದ. ನಾನು ಬಾಜೂಕೆ ಕೂತು ಟವೆಲ್ ಹೊದಿಸಿದೆ. ಹೆಣ್ಣುದನಿ ಬಂದಾಗ ಅವನ ಬೆರಳು ಒತ್ತಿ ಹೇಳಿದೆ. ನಮ್ಮ ಎರಡು ನಂಬರಿನ ಹಾಗೆ ಎಂದು ಎರಡು ಬೆರಳು. ನಿಧಾನವಾದದ್ದು ಬಂದಾಗ ನಾಲ್ಕು. ಅವನು ಹೌದು ಹೌದು ಎಂದು ತಲೆ ಆಡಿಸಿದ. ಬೆಲೆಯಲ್ಲದೆ ಬೇರೆಯದನ್ನೂ ಆ ಟವೆಲ್ಲಿನ ಕೆಳಗೆ ಹೇಳಬಹುದು ಎಂದು ಅಪ್ಪನಿಗೂ ಗೊತ್ತಿರಲಿಲ್ಲ.

ಆಲ್ಬಮ್ ಮುಗಿಯಿತು. "ಆತು ಕಾಕಾ, ಇನ್ನ ಯಾವೂ ಇಲ್ಲ" ಎಂದಳು ಹುಡುಗಿ. ನಾನು ಬೆರಳು ಬಿಟ್ಟು ಖಾಲಿ ಕೈ ತೋರಿಸಬೇಕಿತ್ತು. ಅಷ್ಟರಲ್ಲಿ ಅವನೇ ನನ್ನ ತೋರುಬೆರಳನ್ನು ಗಟ್ಟಿಯಾಗಿ ಹಿಡಿದ. ಒಂದು.

"ಒಂದು ಹಚ್ಚವ್ವಾ" ಎಂದೆ.

"ಮೊದಲನೇ ಆಲ್ಬಮ್ಮಾ ಕಾಕಾ?"

"ಜರ್ಮನಿದಲ್ಲ. ಶಹಾಪುರದ್ದು."

ಅವಳು ಹುಡುಕಿ ಹಚ್ಚಿದಳು. ಧಡ್ ಧಡ್ ಎಂದು ತಗಡಿಗೆ ಸುತ್ತಿಗೆ ಬಿತ್ತು. ನನಗೆ ಬಸ್‌ಸ್ಟ್ಯಾಂಡಿನ ಅಂಗಡಿ, ತಾಳ ಮಡಿಲಲ್ಲಿಟ್ಟುಕೊಂಡು ಕೂತ ಹಿರಿಯ, ಡಬ್ಬಿಯ ಮೇಲೆ ನಡೆದು ಬರುವ ಮಂಡಕ್ಕಿಯ ತಟ್ಟೆ ಎಲ್ಲ ಕಂಡವು. ಅಣ್ಣ ಸ್ಕ್ರೂಡ್ರೈವರಿನ ಹಿಡಿಯನ್ನು ಎಲುಬಿಗೆ ಇನ್ನಷ್ಟು ಒತ್ತಿಕೊಂಡ. ಅವನ ಮುಖದ ಮೇಲೆ ಅದೇ ಮಧ್ಯಾಹ್ನ ಇತ್ತು.

"ಬೇರಿಂಗ್ ಹೋಗಿಲ್ಲೋ ತಮ್ಮಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. "ಬರೋಬ್ಬರಿ ಓಡಾಕತ್ತದ!"

"ಓಡ್ಲಿ ಬಿಡ್ರಿ" ಎಂದಳು ವೈನಿ, ಅವನಿಗೆ ಕೇಳಿಸದಿದ್ದರೂ, ಬಾಗಿಲಿಗೆ ಒರಗಿಕೊಂಡು. "ಬಾಜೂ ಮನಿಯವ್ರಿಗಿ ನೀರು ಬಿತ್ತಂತ ಹೇಳ್ತೀನಿ."